‘ಫಾಸ್ಟ್’: ಸ್ಥೈರ್ಯದಿಂದ ವೇಗಕ್ಕೆ

ಇಂಗ್ಲಿಷಿನ ಕೆಲವು ಪದಗಳು ಕನ್ನಡಿಗರ ಬಾಯಲ್ಲಿ ಕನ್ನಡದ್ದೇ ಆಗಿಬಿಟ್ಟಿವೆ. ‘ಫಾಸ್ಟ್’ ಅವುಗಳಲ್ಲೊಂದು. ಗಡಿಯಾರ ಐದು ನಿಮಿಷ ಫಾಸ್ಟ್, ಬಸ್ಸು ಫಾಸ್ಟ್, ಹುಡುಗ ಲೆಕ್ಕದಲ್ಲಿ ಫಾಸ್ಟ್ ಎಂಬ ಮಾತುಗಳನ್ನು ಅಕ್ಷರ ಬಾರದವರೂ ಆಡುತ್ತಾರೆ. ವೇಗವೇ ಅದರ ಅರ್ಥವೆಂಬುದು ಎಲ್ಲರ ತಿಳಿವಳಿಕೆ. ಆದರೆ ಗೃಹಿಣಿಯೊಬ್ಬಳು ಜವಳಿ ಅಂಗಡಿಯಲ್ಲಿ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುತ್ತ, “ಇದು ಫಾಸ್ಟ್ ಕಲರ್ ತಾನೆ?” ಎಂದು ಕೇಳುವಾಗ ಆ ಪದಕ್ಕೆ ವೇಗದ ಸೋಂಕೂ ಇಲ್ಲ. ನೀರಿನಲ್ಲಿ ಬಿಡದ, ಬಿಸಿಲಿಗೆ ಮಾಸದ, ನೂಲನ್ನು ಬಿಗಿಯಾಗಿ ಹಿಡಿದ ಬಣ್ಣವೆಂದೇ ಅಲ್ಲಿ ಅರ್ಥ. ಓಡುವುದಕ್ಕೂ ಕದಲದೆ ನಿಲ್ಲುವುದಕ್ಕೂ ಒಂದೇ ಪದ ಹೇಗೆ ಸಲ್ಲುತ್ತದೆ? ಸಾಲದೆಂಬಂತೆ, ಇಂಗ್ಲಿಷಿನಲ್ಲಿ ಉಪವಾಸಕ್ಕೂ ಇದೇ ಹೆಸರು.

ಪದದ ಮೂಲವನ್ನು ಅರಸಿ ಹೋದರೆ ಮೊದಲು ದೊರೆಯುವ ಅರ್ಥ ವೇಗವಲ್ಲ, ಸ್ಥೈರ್ಯ. ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಅಲುಗದ್ದು, ಭದ್ರವಾದದ್ದು ಈ ಪದದಿಂದ ಕರೆಸಿಕೊಳ್ಳುತ್ತಿತ್ತು. ಸೋದರ ಭಾಷೆಯಾದ ಜರ್ಮನ್ನಿನ ‘ಫೆಸ್ಟ್’ ಎಂಬ ಪದಕ್ಕೆ ಇಂದಿಗೂ ಗಟ್ಟಿ, ದೃಢ ಎಂದೇ ಅರ್ಥ. ವೇಗಕ್ಕೆ ಆ ಭಾಷೆಯವರು ಬೇರೆಯೇ ಪದವನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿಯೂ ಹಳೆಯ ಅರ್ಥ ಅಳಿದಿಲ್ಲ. ಬಿಗಿಯುವುದಕ್ಕೆ ‘ಫಾಸನ್’, ಅಚಲ ನಿಷ್ಠೆಗೆ ‘ಸ್ಟೆಡ್‌ಫಾಸ್ಟ್’, ಗಾಢನಿದ್ರೆಗೆ ‘ಫಾಸ್ಟ್ ಅಸ್ಲೀಪ್’ ಎನ್ನುತ್ತಾರೆ. ನಿದ್ರಿಸುವವನಿಗೆ ಎಲ್ಲಿಯ ವೇಗ?

ಸ್ಥೈರ್ಯವು ವೇಗವಾದ ಬಗೆಯನ್ನು ಕನ್ನಡ ಬಲ್ಲವರು ಸುಲಭವಾಗಿ ಊಹಿಸಬಲ್ಲರು. ‘ಗಟ್ಟಿಯಾಗಿ ಹಿಡಿ’ ಎಂದರೆ ಬಿಗಿಯಾಗಿ ಹಿಡಿ. ‘ಗಟ್ಟಿಯಾಗಿ ಕೂಗು’ ಎಂದರೆ ಏರುದನಿಯಲ್ಲಿ ಕೂಗು. ಬಿರುಸಾದ ಮಣ್ಣು ಗಡಸು ಮಣ್ಣು. ಬಿರುಸು ನಡಿಗೆ ವೇಗದ ನಡಿಗೆ. ವಸ್ತುವಿನ ಗಡಸುತನವನ್ನು ಹೇಳುವ ಮಾತು ಕ್ರಿಯೆಯ ತೀವ್ರತೆಗೂ ಸಂದಿತು. ಇಂಗ್ಲಿಷಿನಲ್ಲಿ ನಡೆದದ್ದೂ ಇದೇ. ‘ಫಾಸ್ಟ್’ ಆಗಿ ಹೋರಾಡುವುದೆಂದರೆ ಎದೆಗೆಡದೆ ಹೋರಾಡುವುದು. ‘ಫಾಸ್ಟ್’ ಆಗಿ ಓಡುವುದೆಂದರೆ ಪಟ್ಟುಬಿಡದೆ, ಬಲವನ್ನೆಲ್ಲ ಕೂಡಿಸಿ ಓಡುವುದು. ಹಾಗೆ ಓಡುವವನು ಗುರಿಯನ್ನು ಬೇಗ ಮುಟ್ಟುವುದು ಸಹಜ. ಓಟದ ರೀತಿಯನ್ನು ಹೇಳುತ್ತಿದ್ದ ಪದವು ಮಧ್ಯಯುಗದ ಇಂಗ್ಲಿಷಿನಲ್ಲಿ ಕ್ರಮೇಣ ಓಟದ ಫಲವನ್ನು ಹೇಳತೊಡಗಿತು. ದೃಢತೆ ತಾಯಿ, ವೇಗ ಅದರ ಮಗು. ಮಗು ತಾಯಿಯನ್ನು ಮರೆತದ್ದು ಆಮೇಲಿನ ಮಾತು.

ಉಪವಾಸದ ಅರ್ಥವೂ ಈ ಬೇರಿನಿಂದಲೇ ಚಿಗುರಿತು. 4ನೆಯ ಶತಮಾನದಲ್ಲಿ ಬೈಬಲ್ ಅನುವಾದಗೊಂಡ ಗಾಥಿಕ್ ಭಾಷೆಯಲ್ಲಿ ಇದರ ಸೋದರ ಕ್ರಿಯಾಪದಕ್ಕೆ ಕಾಪಾಡು, ಪಾಲಿಸು ಎಂಬ ಅರ್ಥವೂ ಉಪವಾಸವಿರು ಎಂಬ ಅರ್ಥವೂ ಇದ್ದವು. ನಿಯಮವನ್ನು ಬಿಡದೆ ಹಿಡಿದವನೇ ಉಪವಾಸಿ. ಸಂಸ್ಕೃತದ ‘ಉಪವಾಸ’ ಪದದಲ್ಲಿಯೂ ಅನ್ನದ ಪ್ರಸ್ತಾಪವಿಲ್ಲ. ಸಮೀಪದಲ್ಲಿ ವಾಸಿಸುವುದು ಎಂದಷ್ಟೇ ಅದರ ಅಕ್ಷರಾರ್ಥ. ಇಂಗ್ಲಿಷ್ ಕಾವ್ಯಭಾಷೆಯಲ್ಲಿ ‘ಫಾಸ್ಟ್ ಬೈ’ ಎಂದರೆ ತೀರ ಸಮೀಪ ಎಂದು ಅರ್ಥವಿರುವುದು ಇಲ್ಲಿ ಗಮನಾರ್ಹ. 1667ರಲ್ಲಿ ಪ್ರಕಟವಾದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಆರಂಭದಲ್ಲಿಯೇ ಆ ಪ್ರಯೋಗವಿದೆ. ಹೊಟ್ಟೆ ಬರಿದಾದ ಮಾತ್ರಕ್ಕೆ ಉಪವಾಸವಾಗದು, ಮನಸ್ಸು ಒಂದು ನೆಲೆಯನ್ನು ಹಿಡಿದು ನಿಲ್ಲಬೇಕು ಎಂಬುದನ್ನು ದೂರದೂರದ ಎರಡು ಭಾಷೆಗಳು ತಮ್ಮ ತಮ್ಮ ರೀತಿಯಲ್ಲಿ ಸೂಚಿಸುತ್ತವೆ. ಪ್ರತ್ಯಾಖ್ಯಾನವಿಲ್ಲದ ಆಹಾರತ್ಯಾಗ ಬರಿಯ ಲಂಘನವೆಂಬುದನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ. ಇನ್ನು ‘ಬ್ರೇಕ್‌ಫಾಸ್ಟ್’ ಎಂಬುದಂತೂ ಪಾರಣೆಯೇ ಸರಿ. ರಾತ್ರಿಯ ಉಪವಾಸವನ್ನು ಮುಂಜಾನೆ ಮುರಿಯುವ ಊಟ.

ಇಂಥ ಪದಕ್ಕೆ ಅಧೋಗತಿಯೂ ತಪ್ಪಲಿಲ್ಲ. 18ನೆಯ ಶತಮಾನದ ಹೊತ್ತಿಗೆ ಲಗಾಮಿಲ್ಲದ ಭೋಗಜೀವನವನ್ನೂ ಇಂಗ್ಲಿಷರು ‘ಫಾಸ್ಟ್’ ಎಂದು ಕರೆಯತೊಡಗಿದರು. 20ನೆಯ ಶತಮಾನದ ನಡುವಿನಲ್ಲಿ ಅಮೆರಿಕದಿಂದ ‘ಫಾಸ್ಟ್ ಫುಡ್’ ಎಂಬ ಮಾತು ಹೊರಟಿತು. ಉಣ್ಣದಿರುವ ವ್ರತದ ಹೆಸರು, ರುಚಿ ನೋಡಲೂ ಪುರಸೊತ್ತಿಲ್ಲದೆ ಉಣ್ಣುವ ಊಟಕ್ಕೂ ಹೆಸರಾಯಿತು.

ವೇಗವೇ ದೋಷವೆನ್ನಲಾಗದು. ಆಂಬುಲೆನ್ಸ್ ವೇಗವಾಗಿಯೇ ಬರಬೇಕು; ನೆರವಿನ ಕೈ ತಡಮಾಡಬಾರದು. ದೋಷವಿರುವುದು ಹಿಡಿತ ತಪ್ಪಿದ ವೇಗದಲ್ಲಿ. ವಾಹನದ ವೇಗ ಇಮ್ಮಡಿಯಾದರೆ, ಬ್ರೇಕು ಒತ್ತಿದ ಬಳಿಕ ಅದು ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ವೇಗ ಏರಿದಷ್ಟು ಸುಲಭವಾಗಿ ನಿಲ್ಲುವ ಶಕ್ತಿ ಏರುವುದಿಲ್ಲ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕೆನ್ನುವ ಈರ್ಯಾಸಮಿತಿ ಮುನಿಗಳಿಗೆ ವಿಹಿತವಾದ ನಿಯಮ. ಆದರೆ ಕಣ್ಣಿಗೆ ಕಾಣುವಷ್ಟು, ಬೇಕಾದಾಗ ನಿಲ್ಲಬಲ್ಲಷ್ಟು ಮಾತ್ರ ವೇಗವಿರಲಿ ಎಂಬ ಅದರ ತಿರುಳು ಸ್ಟೀರಿಂಗು ಹಿಡಿದ ಪ್ರತಿಯೊಬ್ಬನಿಗೂ ಸಲ್ಲುತ್ತದೆ.

ಕೈಗೆ ಸಲ್ಲುವ ಮಾತು ನಾಲಗೆಗೂ ಸಲ್ಲುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶದ ಹಲವೆಡೆ ಅಮಾಯಕರು ಗುಂಪುಗಳ ಏಟಿಗೆ ಬಲಿಯಾದರು. ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯಲ್ಲಿಯೂ ಜೀವಹಾನಿಯಾಯಿತು. ಸಂದೇಶವನ್ನು ಮುಂದಕ್ಕೆ ಕಳುಹಿಸಿದ ಬಹುಮಂದಿ ಕ್ರೂರಿಗಳಾಗಿರಲಾರರು. ತಮ್ಮ ಮಕ್ಕಳಿಗಾಗಿ ಹೆದರಿದವರು. ಅವರಲ್ಲಿ ಕೊರತೆಯಾದದ್ದು ಕರುಣೆಗಿಂತ ಹೆಚ್ಚಾಗಿ, ನಿಜವೇ ಎಂದು ವಿಚಾರಿಸುವಷ್ಟು ಹೊತ್ತಿನ ತಾಳ್ಮೆ. ಅದೇ ಜುಲೈ ತಿಂಗಳಲ್ಲಿ ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವಂತೆ ಮಿತಿ ಹಾಕುವ ನಿರ್ಧಾರವನ್ನು ಪ್ರಕಟಿಸಿತು. ಮನುಷ್ಯ ತಾನಾಗಿ ತಡೆದುಕೊಳ್ಳಲಾರದೆ ಹೋದಾಗ ಯಂತ್ರವನ್ನೇ ನಿಧಾನಗೊಳಿಸಬೇಕಾಯಿತು. ಬೆರಳು ಒತ್ತುವ ಮುನ್ನ ಒಂದು ಗಳಿಗೆ ತಡೆಯುವುದು ಈ ಕಾಲದ ಭಾಷಾಸಮಿತಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹಳೆಯದು. ಆದರೆ ‘ಫಾಸ್ಟ್’ ಎಂಬ ಪದ ಕಲಿಸುವ ಪಾಠ ಅದಕ್ಕಿಂತ ಸ್ವಲ್ಪ ಭಿನ್ನ. ಅದು ನಿಧಾನವನ್ನು ಹೊಗಳುವುದಿಲ್ಲ, ವೇಗವನ್ನು ಹಳಿಯುವುದಿಲ್ಲ. ಬಿಡದೆ ಹಿಡಿದದ್ದು ಏನಾದರೂ ಇದೆಯೇ ಎಂದು ಮಾತ್ರ ಕೇಳುತ್ತದೆ. ಹಿಡಿದ ವ್ರತ, ಕೊಟ್ಟ ಮಾತು, ನಂಬಿದ ಸತ್ಯ—ಇವುಗಳಲ್ಲೊಂದು ಭದ್ರವಾಗಿದ್ದರೆ ಅದರಿಂದ ಹುಟ್ಟುವ ವೇಗಕ್ಕೂ ಬೆಲೆಯುಂಟು. ಇಂಗ್ಲಿಷಿನಲ್ಲಿ ‘ಫಾಸ್ಟ್ ಫ್ರೆಂಡ್’ ಎಂದರೆ ಬೇಗ ಸಿಕ್ಕ ಗೆಳೆಯನಲ್ಲ, ಬಿಟ್ಟುಹೋಗದ ಗೆಳೆಯ.