ಕೊನೇ ಭಾಗದ ಕೆರೆ

ಅಕ್ಕನ ಮಗ ಆಫೀಸಿನ ಕೆಲಸದ ಮೇಲೆ ಸ್ವಿಟ್ಜರ್ಲೆಂಡಿಗೆ ಹೋದವನು ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದ. ಬ್ರಿಯೆಂಜ್ ಸರೋವರದ ದಡದ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿ. ನಾನೂರು ಚಿಲ್ಲರೆ ಜನ, ಹಿಂದೆ ಬೆಟ್ಟ, ಮುಂದೆ ನೀಲಿ ನೀರು, ನೀರಿನೊಳಕ್ಕೆ ಚಾಚಿದ ಒಂದು ಪುಟ್ಟ ಮರದ ಕಟ್ಟೆ. ಕೊರಿಯಾದ ಧಾರಾವಾಹಿಯೊಂದರಲ್ಲಿ ನಾಯಕ ಆ ನೀರಿನಂಚಿನಲ್ಲಿ ಕೂತು ಪಿಯಾನೊ ನುಡಿಸಿದನಂತೆ. ಅಷ್ಟೇ ಸಾಕಾಯಿತು, ಬಸ್ಸು ಬಸ್ಸು ಜನ ಬಂದಿಳಿದರು. ಕಾಟ ತಾಳಲಾರದೆ ಊರಿನವರು 2023ರಲ್ಲಿ ಕಟ್ಟೆಗೊಂದು ಗೇಟು ಕೂರಿಸಿ 5 ಫ್ರಾಂಕ್ ಶುಲ್ಕ ಇಟ್ಟರು. ನಮ್ಮ ಲೆಕ್ಕದಲ್ಲಿ ಹೆಚ್ಚೂಕಡಿಮೆ ಐನೂರು ರೂಪಾಯಿ.

ಕುಣಿಗಲ್ಲಿನ ನಮ್ಮ ದೊಡ್ಡಮ್ಮ ಫೋಟೊ ನೋಡಿ, ಕನ್ನಡಕ ತೆಗೆದು, ಸೆರಗಲ್ಲಿ ಒರೆಸಿ, ಮತ್ತೆ ನೋಡಿ ಹೇಳಿದಳು: ‘ನಮ್ಮ ಕೆರೆ ಏರಿ ಮೇಲೆ ನಾನು ಎಪ್ಪತ್ತು ವರ್ಷ ಓಡಾಡಿವ್ನಿ. ಲೆಕ್ಕ ಹಾಕಪ್ಪ, ಎಷ್ಟಾಯ್ತದೆ?’

ನಾನು ಹಾಕಲಿಲ್ಲ. ಹಾಕಿದ್ದರೆ ವಸೂಲಿಗೇ ಕೂರುತ್ತಿದ್ದಳು.

ಧಾರಾವಾಹಿಯೊಂದು ಹೆಸರು ತಂದುಕೊಟ್ಟ ಊರು ಅದು. ನಮ್ಮದು ಹಾಡು ಹೆಸರು ತಂದುಕೊಟ್ಟ ಊರು. ಯಾರು ಕಟ್ಟಿದರೆಂದು ಹೇಳಲಾಗದ ಒಂದು ಜನಪದ ಗೀತೆ ನಮ್ಮ ಕೆರೆಯನ್ನು ಕರ್ನಾಟಕದ ಮೂಲೆಮೂಲೆಗೂ ಹೊತ್ತುಕೊಂಡು ಹೋಗಿದೆ. ಬೀದರಿಗೆ ಹೋಗಿ, ಮಂಗಳೂರಿಗೆ ಹೋಗಿ, ಕುಣಿಗಲ್ಲಿನವನು ಎಂದು ಬಾಯಿ ಬಿಟ್ಟರೆ ಸಾಕು, ಎದುರಿನವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಪೂರ್ತಿ ಹಾಡುವವರು ಕಡಿಮೆ. ಮೊದಲ ಸಾಲು ಮುಗಿದ ಮೇಲೆ ಎಲ್ಲರದ್ದೂ ಗುನುಗು. ಕೆರೆ ನೋಡಿದವರು ಇನ್ನೂ ಕಡಿಮೆ. ಆಮೇಲೆ ಅವರು ಕೇಳುವುದು ಒಂದೇ ಪ್ರಶ್ನೆ: ‘ಈಗ ನೀರಿದೆಯಾ?’

ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ನಮ್ಮೂರಿನ ಅರ್ಧ ಚರಿತ್ರೆ ಕಳೆದಿದೆ.

ಕುಣಿಗಲ್ ಎಂದರೆ ಕುಣಿಯುವ ಕಲ್ಲು, ಶಿವ ಇಲ್ಲಿ ಕುಣಿದ ಅನ್ನುತ್ತಾರೆ ಹಿರಿಯರು. ಶಿವ ಕುಣಿದದ್ದನ್ನು ನಾವು ಕಾಣೆವು, ಕುದುರೆ ಕುಣಿದದ್ದನ್ನು ಕಂಡಿದ್ದೇವೆ. ಕೆರೆಯಷ್ಟೇ ಹೆಸರಾದ ಇನ್ನೊಂದು ನಮ್ಮೂರಿನ ಆಸ್ತಿ ಸ್ಟಡ್ ಫಾರಂ. ಹೈದರ್, ಟಿಪ್ಪು ಕಾಲದಲ್ಲಿ ದಂಡಿಗೆ ಕುದುರೆ ಸಾಕಲು ಹುಟ್ಟಿಕೊಂಡದ್ದು. ಆಮೇಲೆ ಕಂಪನಿಯವರು, ಮೈಸೂರು ಅರಸರು ನಡೆಸಿದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದೂರದ ಹೈಫಾ ಊರಿನ ಮೇಲೆ ಈಟಿ ಹಿಡಿದು ಏರಿಹೋದರಲ್ಲ, ಅವರ ಕುದುರೆಗಳಲ್ಲಿ ನಮ್ಮ ಹುಲ್ಲು ತಿಂದವೂ ಇದ್ದವು ಎಂದು ಊರಿನ ಹಳಬರು ಪ್ರಮಾಣ ಮಾಡಿ ಹೇಳುತ್ತಿದ್ದರು. 1990ರ ದಶಕದಿಂದ ಅಲ್ಲಿ ಬೆಳೆದದ್ದು ರೇಸಿನ ಕುದುರೆ. ಚಿಕ್ಕವರಿದ್ದಾಗ ಬೇಲಿಯ ಆಚೆ ಅವು ಓಡುವುದನ್ನು ನೋಡುತ್ತ ನಿಲ್ಲುತ್ತಿದ್ದೆವು. ಅವಕ್ಕೆ ನಮಗಿಂತ ಒಳ್ಳೆಯ ಊಟ, ನಮಗಿಂತ ಒಳ್ಳೆಯ ಡಾಕ್ಟರು. ಮರ ತುಂಬಿದ ಆ ಜಾಗದಲ್ಲಿ ಟೌನ್‌ಶಿಪ್ ಮಾಡುವ ಮಾತು ಬಂದಾಗ ಊರು ಎದ್ದು ಕೂತಿತು. ಕುದುರೆ ಜೂಜಿಗೆ ಒಂದು ರೂಪಾಯಿ ಕಟ್ಟದ ನಾನೂ ಬೇಲಿಯ ಪರವೇ.

ಕೆರೆಯ ಕಥೆ ಹೀಗೆ ಸಲೀಸಲ್ಲ. ಅದರಲ್ಲಿ ನನ್ನ ಹೆಂಡತಿ ಬರುತ್ತಾಳೆ.

ಅವಳು ಗುಬ್ಬಿಯವಳು. ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್. ವೀರಣ್ಣನವರ ಊರು, 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಊರು. ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ ಕಂಪನಿ. ಹಾಗಾಗಿ ಆ ಕಡೆಯವರು ಜಗಳವನ್ನೂ ಸ್ವಲ್ಪ ಸೀನು ಸೀನರಿ ಹಾಕಿಯೇ ಆಡುತ್ತಾರೆ. ಮದುವೆಯಾದ ಹೊಸತರಲ್ಲಿ ಜಗಳಕ್ಕೆ ವಿಷಯವಿರಲಿಲ್ಲ. ವಿಷಯ ಒದಗಿಸಿದ್ದು ಹೇಮಾವತಿ.

ಹೇಮಾವತಿ ನಮ್ಮ ನದಿಯಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನಮ್ಮದು. ಅದಕ್ಕೆ ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅರಸರ ಕಾಲದ ಅಣೆಕಟ್ಟಿದೆ. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ಸೈಫನ್ನುಗಳು ತಾವೇ ಸುರಿಯುತ್ತವೆ. ಮಳೆ ಬಂದರೆ ತಾನೇ ಆ ಸೊಗಸು? ಬಯಲುಸೀಮೆಯ ಕೆರೆ ಮೋಡ ನೋಡಿಕೊಂಡು ಎಷ್ಟು ದಿನ ಇದ್ದೀತು? ಅದಕ್ಕೇ ಹಾಸನ ಜಿಲ್ಲೆಯ ಗೊರೂರಿನಿಂದ ಬಾಗೂರು–ನವಿಲೆಯ ಸುರಂಗ ತೂರಿ ನಾಲೆ ಬಂತು, ತಿಪಟೂರು, ಗುಬ್ಬಿ, ತುಮಕೂರು ಎಂದು ಸುತ್ತಿಕೊಂಡು. ನಕ್ಷೆಯಲ್ಲಿ ನಮ್ಮೂರಿಗೂ ನೀಲಿ ಗೆರೆ ಮುಟ್ಟಿತು. ಆದರೆ ನಾವು ಕೊನೇ ಭಾಗದವರು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರಿಗೆ ಅರ್ಥವಾಗುತ್ತದೆ: ಎಲೆ ಹಾಕುತ್ತಾರೆ, ಉಪ್ಪು ಬಡಿಸುತ್ತಾರೆ, ಹೋಳಿಗೆ ಮಾತ್ರ ನಾಲ್ಕು ಸಾಲಿನ ಹಿಂದೆಯೇ ಮುಗಿದಿರುತ್ತದೆ.

ಈ ತೊಂದರೆಗೆ ಮದ್ದೆಂದು ಬಂದದ್ದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ನಾಲೆಯ 70ನೇ ಕಿಲೋಮೀಟರಿನಲ್ಲೇ ಗುಬ್ಬಿ ತಾಲ್ಲೂಕಿನಲ್ಲಿ ನೀರೆತ್ತಿಕೊಂಡು, ದೊಡ್ಡ ಪೈಪಿನಲ್ಲಿ ಹಾಯಿಸಿ, 165ನೇ ಕಿಲೋಮೀಟರಿಗೆ ತಂದು ಬಿಡುವುದು. ಕುಣಿಗಲ್ಲಿನಲ್ಲಿ ಇದು ನ್ಯಾಯ. ಗುಬ್ಬಿಯಲ್ಲಿ ಇದು ಕನ್ನ. 2025ರ ಮೇ ತಿಂಗಳಲ್ಲಿ ಆ ಕಡೆ ರೈತರು ಬೀದಿಗಿಳಿದಾಗ ನಮ್ಮ ಮನೆಯ ಅಡುಗೆಮನೆಯಲ್ಲೂ ನಿಷೇಧಾಜ್ಞೆ. ‘ನಮ್ಮ ತೆಂಗು, ಅಡಿಕೆ ಒಣಗ್ಲಿ, ನಿಮ್ಮ ಕೆರೆ ಹಾಡಿಗೆ ನೀರು ಬೇಕು, ಅಲ್ವಾ?’ ಎಂದಳು. ನಾನು, ‘ಕೊನೇ ಭಾಗ...’ ಎಂದು ಶುರುಮಾಡಿದೆ. ಸಾರಿನ ಸೌಟು ಅಂದು ನನ್ನ ತಟ್ಟೆಯ ಹತ್ತಿರ ಬಂದದ್ದು ನಿಜಕ್ಕೂ ಕೊನೇ ಭಾಗದಲ್ಲೇ.

ಹಾಗೆ ನೋಡಿದರೆ ಅವಳದ್ದೂ ಸುಳ್ಳಲ್ಲ. ಬೋರ್‌ವೆಲ್ಲು ಕೈಕೊಟ್ಟ ತೋಟದಲ್ಲಿ ತೆಂಗಿನ ಸುಳಿ ಬಾಗುವುದನ್ನು ನೋಡಿದವನು ವಾದ ಮಾಡಲಾರ. ಕೆರೆ ಬತ್ತಿ, ಅಂಗಳ ಬಿರುಕು ಬಿಟ್ಟು, ಜಾಲಿ ಎದ್ದದ್ದನ್ನು ಕಂಡ ನಾನೂ ಸುಮ್ಮನಿರಲಾರೆ.

ಊರು ಮಾತ್ರ ನೀರಿಗಾಗಿ ಕಾಯದೆ ಬೆಳೆದುಬಿಟ್ಟಿತು. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್, ಹಾಸನದ ಹೆದ್ದಾರಿ, 2017ರಲ್ಲಿ ರೈಲೂ ಬಂತು. ಬೆಳಿಗ್ಗೆ ಹೋಗಿ ರಾತ್ರಿ ಬರುವವರ ಊರಾಯಿತು. ತುಮಕೂರಿನ ಅಮಾನಿಕೆರೆಗೆ ಪಾರ್ಕು, ನಡಿಗೆಯ ದಾರಿ ಬಂದಿವೆ. ಅಲ್ಲಿ ಕೆರೆ ಎಂದರೆ ಸಂಜೆಯ ವಾಕಿಂಗು. ನಮ್ಮಲ್ಲಿ ಇನ್ನೂ ಕೆರೆ ಎಂದರೆ ಸುದ್ದಿ. ತೂಬು ತೆಗೆದರಂತೆ, ಕೋಡಿ ಬೀಳುತ್ತಂತೆ, ಬಾಗಿನಕ್ಕೆ ಯಾರು ಬರ್ತಾರಂತೆ ಎಂದು ಅಂಗಡಿ ಕಟ್ಟೆಯಲ್ಲಿ ಮಾತು. ಕೋಡಿ ಬಿತ್ತೆಂದರೆ ಕೆಲಸಕ್ಕೆ ರಜೆ ಹಾಕಿ ನೋಡಲು ಹೋಗುವ ಜನ ನಾವು.

ಕಳೆದ ಸಲ ಕೆರೆ ತುಂಬಿದಾಗ ಗುಬ್ಬಿಯಿಂದ ನನ್ನ ಭಾಮೈದ ಬಂದಿದ್ದ. ಲಿಂಕ್ ಕೆನಾಲ್ ವಿರೋಧಿಸಿ ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡವನು. ಸಂಜೆ ಏರಿಯ ಮೇಲೆ ಕರೆದುಕೊಂಡು ಹೋದೆ. ಗಾಳಿಗೆ ನೀರು ಸಣ್ಣಗೆ ನಡುಗುತ್ತಿತ್ತು, ಬೆಳ್ಳಕ್ಕಿಗಳು ಸಾಲುಗಟ್ಟಿ ಹೋದವು, ಸೂರ್ಯ ಇಳಿಯುತ್ತ ಆಚೆ ದಡದವರೆಗೂ ಕೆಂಪು ಹಚ್ಚಿದ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಸೋತನೆಂದುಕೊಂಡೆ.

ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಹೇಳಿದ: ‘ಚೆನ್ನಾಗೈತೆ ಭಾವ. ಆದ್ರೆ ನೀರು ನಮ್ದು.’