ಒಣಗದ ಫೆಲ್ಟು

2022ರ ಆಗಸ್ಟ್ 28, ಭಾನುವಾರ. ಮಂಗಳವಾರ ಗೌರಿ ಹಬ್ಬ. ತಂಗಿಗೆ ಬಾಗಿನ ಕೊಡಲು ನಾನೂ ಅವ್ವನೂ ಸಂಜೆ ಚನ್ನಪಟ್ಟಣಕ್ಕೆ ಹೋದೆವು. ರಾತ್ರಿಯೇ ಹಿಂತಿರುಗಬೇಕಿತ್ತು. ಮಳೆ ಬಿಡಲಿಲ್ಲ. ತಂಗಿ ಉಳಿಸಿಕೊಂಡಳು. ರಾತ್ರಿಯೆಲ್ಲ ಸುರಿದ ಮಳೆ ಬೆಳಗಿನ ಜಾವಕ್ಕೆ ಸ್ವಲ್ಪ ತಗ್ಗಿತು. ಬೆಳಕು ಹರಿಯುವ ಮೊದಲೇ ಹೊರಟೆವು. ರಾಮನಗರದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಮಾರ್ಕೆಟ್ಟಿನಿಂದ ಗೂಡು ತಂದಿಟ್ಟಿದ್ದೆ. ತಡ ಮಾಡಿದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಆಮೇಲೆ ನೂಲು ಬಿಚ್ಚಲು ಬರುವುದಿಲ್ಲ.

ಕಾರು ಅಪ್ಪನದು. ಸಿಪಾನಿ ಡಾಲ್ಫಿನ್. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಕಾರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಗಾಡಿಯ ನಮೂನೆ. ಎರಡೇ ಬಾಗಿಲು, 848 ಸಿಸಿ ಎಂಜಿನ್. ಅಡಿಯಲ್ಲಿ ಕಬ್ಬಿಣದ ಚಾಸಿ, ಮೇಲೆ ಪೂರ್ತಿ ಫೈಬರ್ ಮೈ. ಮಾರುತಿ 800 ಬಂದ ಮೇಲೆ ಸಂಸಾರಸ್ಥರು ಇದನ್ನು ಕೇಳಲಿಲ್ಲ. ಹಗುರವಾಗಿದ್ದರಿಂದ ರ‍್ಯಾಲಿ ಓಡಿಸುವವರು ಕೊಂಡರು. ಮದ್ರಾಸಿನ ಷೋಳಾವರಂ ರೇಸಿನಲ್ಲೂ ಇದು ಓಡಿದೆ. ಡಾಲ್ಫಿನ್ನನ್ನು ಸ್ಪೋರ್ಟ್ಸ್ ಕಾರು ಎಂದರೆ ಈಗಿನ ಹುಡುಗರು ನಗುತ್ತಾರೆ. ಆ ಕಾಲದಲ್ಲಿ ನಮ್ಮಂಥವರ ಕೈಗೆ ಎಟುಕುತ್ತಿದ್ದ ಸ್ಪೋರ್ಟ್ಸ್ ಕಾರು ಅದೊಂದೇ.

ಫೈಬರ್ ಮೈಯ ತೊಂದರೆ ಸದ್ದು ಮತ್ತು ಬಿಸಿ. ಎಂಜಿನ್ನಿನ ಅದುರು ಪೂರ್ತಿ ಒಳಗೆ ಬರುತ್ತದೆ. ಅದಕ್ಕೇ ಅಪ್ಪ ನೆಲಕ್ಕೆ ಡಾಂಬರಿನ ಹಾಳೆ ಅಂಟಿಸಿ, ಅದರ ಮೇಲೆ ಸೆಣಬಿನ ಫೆಲ್ಟು, ಅದರ ಮೇಲೆ ಕಾರ್ಪೆಟ್ ಹಾಕಿಸಿದ್ದರು. ಗೇರ್ ಬಾಕ್ಸಿನ ಉಬ್ಬಿನ ಮೇಲೆ ಫೆಲ್ಟು ಎರಡು ಪದರ ಇತ್ತು. ಕಾರಿನೊಳಗೆ ನಾಲ್ಕು ಜನ ಮಾತಾಡುವಷ್ಟು ಸದ್ದು ತಗ್ಗಿತ್ತು.

ರಾಮನಗರ ಹತ್ತಿರವಾದಾಗ ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಮುಂದಿನ ಟೆಂಪೊ ದಾಟಿತು. ನಾನೂ ಇಳಿಸಿದೆ. ಅರ್ಧ ದಾರಿಯಲ್ಲಿದ್ದಾಗ ಎಡಗಡೆಯ ಹೊಲದಿಂದ ಒಮ್ಮೆಲೇ ನೀರು ನುಗ್ಗಿತು. ಎಂಜಿನ್ ನಿಂತಿತು.

"ಕಾಲು ನೆನೀತಾ ಐತೆ ಕಣೋ" ಅಂದಳು ಅವ್ವ. ನೀರು ಆಗಲೇ ಪೆಡಲ್ ಮುಚ್ಚಿತ್ತು. ಬಾಗಿಲು ನೂಕಿದೆ. ತೆರೆಯಲಿಲ್ಲ. ಹೊರಗೆ ನೀರು ಹೆಚ್ಚು, ಒಳಗೆ ಕಮ್ಮಿ. ಆಗ ಕಾರಿನ ಹಿಂಭಾಗ ಮೇಲೆದ್ದು ಪಕ್ಕಕ್ಕೆ ಸರಿಯಿತು. ಚಕ್ರ ನೆಲ ಬಿಟ್ಟಿದ್ದು ಸ್ಟೀರಿಂಗಿನಲ್ಲಿ ಗೊತ್ತಾಯಿತು. ಕೈಯಲ್ಲಿ ಅದು ಸುಮ್ಮನೆ ತಿರುಗುತ್ತಿತ್ತು. ಆ ದಿನ ನನಗೆ ಅತಿ ಹೆಚ್ಚು ಭಯವಾದದ್ದು ಆಗಲೇ. ಅವ್ವನಿಗೆ ಮಂಡಿ ನೋವು, ಎಪ್ಪತ್ತು ದಾಟಿದೆ. ಅವಳು ದೇವರನ್ನೂ ಕರೆಯಲಿಲ್ಲ, ಅಳಲೂ ಇಲ್ಲ. ಸೀರೆ ಇದ್ದ ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು.

ಕಾರು ತೇಲಿ ಒಂದು ಕಾಂಕ್ರೀಟ್ ಗೋಡೆಗೆ ಒರಗಿ ನಿಂತಿತು. ನೀರು ಸೀಟಿನ ಮಟ್ಟಕ್ಕೆ ಬಂದ ಮೇಲೆ ಬಾಗಿಲು ತೆರೆಯಿತು. ಮೇಲಿನಿಂದ ಯಾರೋ ಹಗ್ಗ ಎಸೆದರು. ಇಬ್ಬರು ಹುಡುಗರು ಎದೆಮಟ್ಟದ ನೀರಿಗೆ ಇಳಿದರು. "ಅಜ್ಜೀನ ನಮ್ಗೆ ಬಿಡಣ್ಣ, ನೀನು ಹಗ್ಗ ಹಿಡ್ಕೊ" ಅಂದರು. ಒಬ್ಬ ಅವ್ವನನ್ನು ಬೆನ್ನಿಗೆ ಹಾಕಿಕೊಂಡ. ಅವರು ಯಾವ ಊರಿನವರೋ ಕೇಳಲು ಆಗಲಿಲ್ಲ. ಅವರು ಆಗಲೇ ಇನ್ನೊಂದು ಕಾರಿನ ಕಡೆ ಹೋಗಿದ್ದರು. ರಸ್ತೆ ಬದಿಯ ಮನೆಯ ಹೆಂಗಸು ಅವ್ವನಿಗೆ ಒಣ ಸೀರೆ ಉಡಿಸಿ, ಒಲೆ ಮುಂದೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟಳು.

ಸಂಗಬಸವನದೊಡ್ಡಿ ಹತ್ತಿರ ಬಸ್ಸುಗಳೂ ಮುಳುಗಿದ್ದು, ಭಕ್ಷಿ ಕೆರೆ ಉಕ್ಕಿ ಊರಿಗೆ ನೀರು ಬಂದದ್ದು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ ಹೋದದ್ದು ಎಲ್ಲ ಆಮೇಲೆ ತಿಳಿಯಿತು. ನಮ್ಮ ಘಟಕಕ್ಕೂ ನೀರು ನುಗ್ಗಿತ್ತು. ಗೂಡು ಹೋಯಿತು.

ನೀರು ಇಳಿದ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಮನೆಗೆ ಎಳೆಸಿದೆ. ಅಷ್ಟರಲ್ಲಿ ಅವ್ವನಿಗೆ ಜ್ವರ ಏರಿತು. ಕಾಲಿನಲ್ಲಿ ಗೀರು ಗಾಯವಿತ್ತು. ನೆರೆ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಗಾಯದ ಮೂಲಕ ಇಲಿಜ್ವರ ಬರಬಹುದು ಎಂದು ವೈದ್ಯರು ರಕ್ತ ಪರೀಕ್ಷೆಗೆ ಬರೆದರು. ವರದಿ ಬರುವವರೆಗೆ ನಾನು ಆಸ್ಪತ್ರೆಯ ಬೆಂಚಿನ ಮೇಲೇ ಇದ್ದೆ. ಇಲಿಜ್ವರ ಅಲ್ಲ ಎಂದು ಬಂತು. ಆದರೂ ಎದೆಯಲ್ಲಿ ಕಫ ಕಟ್ಟಿ ಬಹಳ ದಿನ ಮಲಗಿದಳು. ಹಬ್ಬ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಅವ್ವ ಮನೆಗೆ ಬಂದ ಮೇಲೆ ಕಾರಿನ ಬಾಗಿಲು ತೆಗೆದೆ. ನಾನು ರೀಲರ್. ಬೆಂದ ಹುಳುವಿನ ನಾತದಲ್ಲಿ ಬೆಳೆದವನು. ಆದರೂ ಹಿಂದಕ್ಕೆ ಸರಿದೆ. ಫೈಬರ್ ನೆಲಕ್ಕೆ ಎಲ್ಲೂ ತೂತಿಲ್ಲ, ಹೊಕ್ಕ ನೀರು ಅಲ್ಲೇ ಇತ್ತು. ಕಾರ್ಪೆಟ್ಟಿನ ಮೇಲೆ ಬೂಷ್ಟು ಬೆಳೆದಿತ್ತು. ಮಗ್ಗಿನಲ್ಲಿ ಮೊಗೆದು, ಆಮೇಲೆ ಬಟ್ಟೆಯಲ್ಲಿ ಹಿಂಡಿ ತೆಗೆದೆ. ಮೇಲೆ ಒಣಗಿದಂತೆ ಕಂಡಿತು. ಮಾರನೆಯ ಬೆಳಿಗ್ಗೆ ಕಾರ್ಪೆಟ್ ಒತ್ತಿದರೆ ಬೆರಳ ಸುತ್ತ ಮತ್ತೆ ನೀರು ಬಂತು.

ಕುಶನ್ ಕೆಲಸ ಮಾಡುವ ಭಾಯ್ ಬಂದು ಕಾರ್ಪೆಟ್ಟಿನ ಒಂದು ಮೂಲೆ ಎತ್ತಿ ನೋಡಿ ಬಿಟ್ಟರು. "ಇದು ಒಣಗಲ್ಲ ಅಣ್ಣ. ಫೆಲ್ಟು ನೀರು ಕುಡ್ದೈತೆ. ಎಲ್ಲಾ ಕಿತ್ತಾಕ್ಬೇಕು." ಇನ್ಶೂರೆನ್ಸ್ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ಏನೂ ಬರಲಿಲ್ಲ. ಘಟಕದ ನಷ್ಟದ ಮುಂದೆ ಕಾರಿಗೆ ಕೂಲಿ ಕೊಡುವ ಶಕ್ತಿ ಇರಲಿಲ್ಲ. ಕೀಳುವ ಕೆಲಸ ನಾನೇ ಮಾಡಿದೆ.

ಸೀಟುಗಳ ಬೋಲ್ಟು ತುಕ್ಕು ಹಿಡಿದಿದ್ದವು. ಕಾರ್ಪೆಟ್ ಬಂದಿತು. ಫೆಲ್ಟು ತುಂಡು ತುಂಡಾಗಿ ಬಂತು, ಕೊಳೆತ ಹಲಸಿನ ತೊಳೆಯಂತೆ ಕೈಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಒಂದು ಬಾಂಡಲಿ ತುಂಬಿದರೆ ಎತ್ತಲು ಆಗುತ್ತಿರಲಿಲ್ಲ. ಡ್ಯಾಶ್ ಬೋರ್ಡಿನ ಕೆಳಗೆ, ಎಂಜಿನ್ ಕಡೆಯ ಗೋಡೆಗೆ, ಬೂದು ಬಣ್ಣದ ಗಟ್ಟಿ ಹಾಳೆ ಇತ್ತು. ಹಳೇ ಮೆಕ್ಯಾನಿಕ್ ನೋಡಿ, ಕಲ್ನಾರು ಇರಬಹುದು, ಒಣಗಲು ಬಿಡಬೇಡಿ ಅಂದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ಕೋವಿಡ್ ಕಾಲದ ಎನ್95 ಮಾಸ್ಕು ಮನೆಯಲ್ಲಿ ಉಳಿದಿತ್ತು. ಹಾಕಿಕೊಂಡು, ಹಾಳೆಗೆ ನೀರು ಚಿಮುಕಿಸುತ್ತ, ಮುರಿಯದಂತೆ ಬಿಡಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಅವ್ವನ ಕೋಣೆಯ ಕಿಟಕಿ ಆ ಕಡೆಗೇ ಇತ್ತು. ಅದನ್ನು ಮುಚ್ಚಿಸಿದೆ.

ಡಾಂಬರಿನ ಹಾಳೆ ಕೆಲವು ಕಡೆ ತಾನೇ ಎದ್ದಿತ್ತು. ಉಳಿದದ್ದನ್ನು ಕೆರೆಯಬೇಕಾಯಿತು. ಕಬ್ಬಿಣದ ಕಾರಾದರೆ ಬ್ಲೋ ಲ್ಯಾಂಪ್ ಹಿಡಿಯುತ್ತಾರಂತೆ. ಫೈಬರಿಗೆ ಅಷ್ಟು ಬಿಸಿ ಆಗದು. ಮಗಳ ಹೇರ್ ಡ್ರೈಯರ್ ಹಿಡಿದು, ಮೆತ್ತಗಾದಷ್ಟನ್ನು ಪುಟ್ಟಿ ಬ್ಲೇಡಿನಲ್ಲಿ ಎಬ್ಬಿಸಿದೆ. ಅಂಟು ಹೋದ ಕಡೆ ಫೈಬರಿನ ಒಳಮೈ ಬರಿದಾಗಿ ಗಾಜಿನ ಎಳೆ ಏಳುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಮೊಣಕೈ, ಕುತ್ತಿಗೆ, ಹೊಟ್ಟೆಯ ಮಡಿಕೆ ಎಲ್ಲ ಕಡೆ ಚುಚ್ಚಿಕೊಂಡಿತು. ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ರಾತ್ರಿ ಹೆಂಡತಿ ಪ್ಯಾಕಿಂಗ್ ಟೇಪನ್ನು ಚರ್ಮಕ್ಕೆ ಒತ್ತಿ ಒತ್ತಿ ಎತ್ತುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ. ಬಂದರೂ ಸ್ಟೀರಿಂಗ್ ಸುಮ್ಮನೆ ತಿರುಗುವುದು ಕನಸಿಗೆ ಬಂದು ಎಚ್ಚರವಾಗುತ್ತಿತ್ತು.

ಫೈಬರ್ ತುಕ್ಕು ಹಿಡಿಯುವುದಿಲ್ಲ. ಚಾಸಿ ಹಿಡಿಯುತ್ತದೆ. ಮೈಯನ್ನು ಚಾಸಿಗೆ ಕೂರಿಸುವ ಬೋಲ್ಟುಗಳ ಸುತ್ತ ಪದರ ಪದರ ಎದ್ದಿತ್ತು. ಅದು ಆ ಒಂದು ದಿನದ ನೀರಿನದಲ್ಲ, ಹಳೆಯದು. ಮೇಲೆ ಕಾರ್ಪೆಟ್ ಇದ್ದಷ್ಟು ಕಾಲ ಯಾರೂ ನೋಡಿರಲಿಲ್ಲ. ವೈರ್ ಬ್ರಷ್ ಹಾಕಿ, ರೆಡ್ ಆಕ್ಸೈಡ್ ಹೊಡೆಸಿದೆ.

ಕಾರ್ಪೆಟ್ ಮಾತ್ರ ಉಳಿಸಿಕೊಳ್ಳಬಹುದು ಅನ್ನಿಸಿತು. ತೊಳೆದೆ. ಆ ವರ್ಷ ಮಳೆಗಾಲ ಮುಗಿಯುವ ಹಾಗೇ ಕಾಣಲಿಲ್ಲ, ಎಲ್ಲಿ ಹರವುವುದು? ಕನಕಪುರ ಕಡೆ ರೇಷ್ಮೆ ಬೆಳೆಯುವ ನಮ್ಮ ಮಾವ ಹಳೇ ಚಂದ್ರಿಕೆಗಳನ್ನು ಕಳಿಸಿಕೊಟ್ಟರು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಗಾಳಿ ಎರಡು ಕಡೆಯೂ ಆಡುತ್ತದೆ. ಘಟಕದ ಬಾಯ್ಲರ್ ಪಕ್ಕ ಗೋಡೆಗೆ ಒರಗಿಸಿ, ಅದರ ಮೇಲೆ ಕಾರ್ಪೆಟ್ ಹರವಿದೆ. ಒಣಗಿತು, ಆದರೆ ಕುಗ್ಗಿತು. ಬಾಗಿಲ ಅಂಚಿಗೆ ಎರಡು ಬೆರಳಷ್ಟು ಸಾಲದೆ ಬಂತು. ಅದನ್ನು ನಮೂನೆಗೆ ಇಟ್ಟುಕೊಂಡು ಭಾಯ್ ಹೊಸದು ಕತ್ತರಿಸಿದರು.

ಈ ಸಲ ಫೆಲ್ಟು ಬೇಡ ಅಂದೆ. ಭಾಯ್ ಒಪ್ಪಲಿಲ್ಲ. ಸದ್ದು ಹೀರುವುದರಲ್ಲಿ ಫೆಲ್ಟಿಗೆ ಸಮ ಇಲ್ಲ ಎಂಬುದು ಅವರ ವಾದ. ನಿಜವೇ. ಎಳೆಗಳ ನಡುವಿನ ಗಾಳಿಯಲ್ಲಿ ಸದ್ದು ಸಾಯುತ್ತದೆ. ಆದರೆ ಅದೇ ಸಂದುಗಳು ನೀರನ್ನೂ ಹಿಡಿದಿಡುತ್ತವೆ. ಕೊನೆಗೆ ಅದುರು ತಡೆಯಲು ನೆಲಕ್ಕೆ ಹೊಸ ಬ್ಯುಟೈಲ್ ಹಾಳೆ, ಅದರ ಮೇಲೆ ನೀರು ಹೀರದ ಮುಚ್ಚಿದ ರಂಧ್ರಗಳ ಫೋಮು ಎಂದಾಯಿತು. ಎಂಜಿನ್ ಕಡೆಗೆ ಅಲ್ಯೂಮಿನಿಯಂ ಮುಖದ ಹೊದಿಕೆ. ಗಮ್ಮಿನ ವಾಸನೆಗೆ ತಲೆ ಸುತ್ತುತ್ತದೆ ಎಂದು ಎರಡೂ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟುಕೊಂಡೆವು. ಕಾರ್ಪೆಟ್ಟಿಗೆ ಗಮ್ ಹಾಕಲು ನಾನು ಬಿಡಲಿಲ್ಲ. ಒತ್ತುಗುಂಡಿ ಹಾಕಿಸಿದೆ, ಎತ್ತಿ ನೋಡಬಹುದು. ಕಾಲಿಡುವ ಎರಡು ಗುಳಿಗಳಲ್ಲೂ ತೂತು ಕೊರೆದು ರಬ್ಬರ್ ಬಿರಡೆ ಹಾಕಿದೆ. ಹಳೇ ಕಾರಿನ ಮೂಲ ರೂಪ ಕೆಡಿಸಿದೆ ಎಂದು ಬೆಂಗಳೂರಿನ ಪರಿಚಯದವರೊಬ್ಬರು ಬೇಸರ ಮಾಡಿಕೊಂಡರು. ಅವರು ಆ ನೀರಿನಲ್ಲಿ ಕುಳಿತಿರಲಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ನಡುವಿನ ಹೊಸ ದಶಪಥ ರಸ್ತೆಯನ್ನು ಪ್ರಧಾನಿ ಉದ್ಘಾಟಿಸಿದರು. ವಾರ ತುಂಬುವ ಮೊದಲೇ ಒಂದು ಮಳೆಗೆ ಸಂಗಬಸವನದೊಡ್ಡಿ ಬಳಿ ಮತ್ತೆ ನೀರು ನಿಂತಿತು. ಟಿವಿಯಲ್ಲಿ ನೋಡುತ್ತಿದ್ದ ಅವ್ವ ಎದ್ದು ಒಳಗೆ ಹೋದಳು. ನಾನು ಹೊರಗೆ ಹೋಗಿ ಕಾರ್ಪೆಟ್ ಎತ್ತಿ ಕೈ ಆಡಿಸಿದೆ. ಕಾರು ಶೆಡ್ಡಿನೊಳಗೇ ಇತ್ತು, ಮಳೆ ತಾಗಿರಲಿಲ್ಲ. ಗೊತ್ತಿದ್ದೂ ನೋಡಿದೆ. ಈಗಲೂ ನೋಡುತ್ತೇನೆ.

ಅವ್ವ ಬಹಳ ಕಾಲ ಆ ಕಾರು ಹತ್ತಲಿಲ್ಲ. ಚನ್ನಪಟ್ಟಣಕ್ಕೆ ಹೋಗುವುದಿದ್ದರೆ ರೈಲಿನಲ್ಲಿ ಹೋದಳು. ಕನಕಪುರದ ಮಾವನ ಮನೆಯ ಗೃಹಪ್ರವೇಶಕ್ಕೆ ಮಾತ್ರ, ಬೇಸಿಗೆಯಲ್ಲಿ, ತಾನಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ಕಾಲನ್ನು ಸೀಟಿನ ಮೇಲೆ ಮಡಿಸಿಟ್ಟುಕೊಂಡಳು. ಊರು ದಾಟಿದ ಮೇಲೆ ಒಂದು ಕಾಲು ಕೆಳಗೆ ಬಿಟ್ಟಳು.

"ಸದ್ದು ಜಾಸ್ತಿ ಆಗೈತಲ್ಲೋ" ಅಂದಳು.

"ಹೂಂ ಕಣವ್ವ" ಅಂದೆ.

ಅವಳು ಮುಂದೆ ಏನೋ ಹೇಳಿದಳು, ಕೇಳಿಸಲಿಲ್ಲ. ಫೆಲ್ಟು ಹಾಕಿಸಿದರೆ ಕೇಳಿಸೀತು. ಹಾಕಿಸುವ ಯೋಚನೆ ಇಲ್ಲ.