ಚಿತ್ರ ತೆಗೆಯುವುದು, ಚಿತ್ರ ತಿದ್ದುವುದು

ಈ ಸ್ಮರಣ ಸಂಚಿಕೆಗಾಗಿ ನಮ್ಮ ಪ್ರೌಢಶಾಲೆಯ ಹಳೆಯ ಛಾಯಾಚಿತ್ರಗಳನ್ನು ಒದಗಿಸಬೇಕೆಂದೂ, ಅವುಗಳೊಡನೆ ಛಾಯಾಚಿತ್ರಣವನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದೂ ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ವೃತ್ತಿಯಿಂದ ನಾನು ಚಿತ್ರಕಲಾ ಶಿಕ್ಷಕನಾಗಿದ್ದವನು. ಕ್ಯಾಮೆರಾ ನನಗೆ ಅಂಟಿಕೊಂಡ ಗೀಳು. ಆ ವಿದ್ಯೆಯನ್ನು ಗುರುಮುಖೇನ ಕಲಿತವನಲ್ಲ, ಕೆಡಿಸಿ ಕೆಡಿಸಿ ಕಲಿತವನು. ಆದರೆ ಪೂಜ್ಯ ಶ್ರೀಗಳವರು, "ಕೆಡಿಸಿದ್ದನ್ನೇ ಬರೆಯಿರಿ, ಮಕ್ಕಳಿಗೆ ಅದರಿಂದಲೇ ಉಪಯೋಗ" ಎಂದು ಅಪ್ಪಣೆ ಕೊಡಿಸಿದ ಮೇಲೆ ಹಿಂಜರಿಯಲು ಎಡೆಯಿರಲಿಲ್ಲ. ಕೆಡಿಸಿದ್ದರಲ್ಲಿ ಒಂದನ್ನು ಹೇಳುವುದು ಇಂದಿಗೂ ನನಗೆ ಸುಲಭವಲ್ಲ. ಅದನ್ನು ಅದರ ಸ್ಥಳದಲ್ಲಿಯೇ ಹೇಳುತ್ತೇನೆ.

ನನ್ನ ಕೈಗೆ ಬಂದ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ ಥ್ರೀ. ಅಂದಿನ ಮಧ್ಯಮ ವರ್ಗದ ಮನೆಗಳಲ್ಲಿ ಅದನ್ನು ಕಾಣದವರು ವಿರಳ. 120 ಅಳತೆಯ ಫಿಲ್ಮಿನ ಒಂದು ಸುರುಳಿಗೆ 12 ಚಿತ್ರಗಳು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಅದರಾಚೆ ಬುದ್ಧಿ ಓಡಿಸಲು ಅವಕಾಶವಿರಲಿಲ್ಲ. ಫಿಲ್ಮು ಹೆಚ್ಚಾಗಿ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'. ಹನ್ನೆರಡೇ ಚಿತ್ರಗಳೆಂಬ ಬಡತನವೇ ನನಗೆ ಮೊದಲ ಉಪಾಧ್ಯಾಯ. ಗುಂಡಿಯೊತ್ತುವ ಮುನ್ನ ನಿಂತು ನೋಡಬೇಕು, ಬೆಳಕು ಎತ್ತಣಿಂದ ಬರುತ್ತಿದೆ, ಹಿಂದೆ ಯಾವ ಕಂಬ ಯಾರ ತಲೆಯ ಮೇಲೆ ಕೊಂಬಿನಂತೆ ಎದ್ದಿದೆ ಎಂದು ಗಮನಿಸಬೇಕು, ಎಂಬ ಅಭ್ಯಾಸವನ್ನು ಅದು ಕಲಿಸಿತು. ಇಂದು ಮೊಬೈಲಿನಲ್ಲಿ ಒಂದೇ ಸಮಾರಂಭಕ್ಕೆ ಮುನ್ನೂರು ಚಿತ್ರ ಹೊಡೆಯುವ ನಮ್ಮ ಹುಡುಗರಿಗೆ, ಒಂದು ದಿನ ಹನ್ನೆರಡೇ ಚಿತ್ರ ತೆಗೆಯಿರೆಂದು ನಾನು ಹೇಳುವುದುಂಟು. ಒಪ್ಪುವವರು ಕಡಿಮೆ, ಒಪ್ಪಿದವರ ಚಿತ್ರಗಳು ಬೇರೆಯೇ ಆಗುತ್ತವೆ.

ಮುಂದೆ ಉದಾರಿಗಳಾದ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಯಾಷಿಕಾ ಎಂಬ ಎರಡು ಕಣ್ಣಿನ ಕ್ಯಾಮೆರಾವನ್ನು ದಾನವಾಗಿ ಕೊಟ್ಟರು. ಅದನ್ನು ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡಗಡೆಯವರು ಬಲಕ್ಕೆ, ಬಲಗಡೆಯವರು ಎಡಕ್ಕೆ ಕಾಣುತ್ತಾರೆ. "ಸ್ವಲ್ಪ ಈ ಕಡೆ ಸರೀರಿ" ಎಂದು ನಾನು ಕೈಬೀಸಿದರೆ ಹೆಡ್ಮಾಸ್ತರರು ವಿರುದ್ಧ ದಿಕ್ಕಿಗೆ ಸರಿಯುತ್ತಿದ್ದರು. ತಪ್ಪು ಯಾರದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ತಲೆ ಬಗ್ಗಿಸಿ ನಿಲ್ಲುವ ಆ ಭಂಗಿಯಿಂದ ಒಂದು ಲಾಭವೂ ಇತ್ತು. ಕಣ್ಣಿಗೆ ಕಣ್ಣಿಟ್ಟು ನೋಡದಿದ್ದುದರಿಂದ ಜನ ಬಿಗಿಯುತ್ತಿರಲಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತೆಗೆದ ಜನಸಾಮಾನ್ಯರ ಚಿತ್ರಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಆಗುತ್ತದೆ. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪ್ರಧಾನ ಕಛೇರಿಯಲ್ಲಿ ಪ್ರದರ್ಶಿತವಾದ ಅವರ ಚಿತ್ರಗಳ ಮಕ್ಕಳು, ಯಾರೋ ತಮ್ಮ ಚಿತ್ರ ತೆಗೆಯುತ್ತಿದ್ದಾರೆಂಬ ಅಂಜಿಕೆಯಲ್ಲಿ ನಿಂತವರಲ್ಲ.

ಬೆಳಕಿನ ಲೆಕ್ಕವನ್ನು ಆಗ ಬಾಯಿಪಾಠದಿಂದ ಮಾಡುತ್ತಿದ್ದೆವು. ನಿಚ್ಚಳ ಬಿಸಿಲಿನಲ್ಲಿ ದ್ಯುತಿರಂಧ್ರವನ್ನು ಎಫ್ 16ಕ್ಕೆ ಇಟ್ಟು, ಫಿಲ್ಮಿನ ವೇಗ 125 ಎ.ಎಸ್.ಎ. ಆಗಿದ್ದರೆ ಷಟರನ್ನು ಸೆಕೆಂಡಿನ 125ನೆಯ ಒಂದು ಭಾಗಕ್ಕೆ ಇಡುವುದು. ಪಡಸಾಲೆಯ ನೆರಳಿಗೆ ಬಂದರೆ ಬೆಳಕು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆಂದು ತಿಳಿದು, ಮೂರು ಮೆಟ್ಟಿಲು ಹೆಚ್ಚು ತೆರೆಯುವುದು. ಇಂದಿನ ಕ್ಯಾಮೆರಾಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ, ಆದರೆ ಅವುಗಳಿಗೂ ಒಂದು ಭ್ರಮೆಯುಂಟು: ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು ಬಣ್ಣದ್ದೆಂದು ಅವು ನಂಬುತ್ತವೆ. ನಮ್ಮ ಶಾಲೆಯ ಸಾಮೂಹಿಕ ಚಿತ್ರದಲ್ಲಿ ಬಿಳಿಯ ಅಂಗಿ, ಬಿಳಿಯ ಧೋತರ, ಬಿಳಿಯ ಟೊಪ್ಪಿಗೆಗಳೇ ಮುಕ್ಕಾಲು ಪಾಲು. ಕ್ಯಾಮೆರಾ ಆ ಬಿಳುಪನ್ನು ಬೂದು ಮಾಡಲು ಹೋಗಿ ಮಕ್ಕಳ ಮುಖಗಳನ್ನು ಕಪ್ಪು ಮಾಡುತ್ತದೆ. ಆದ್ದರಿಂದ ಅದು ಹೇಳಿದ್ದಕ್ಕಿಂತ ಅರ್ಧ ಅಥವಾ ಒಂದು ಮೆಟ್ಟಿಲು ಬೆಳಕನ್ನು ಹೆಚ್ಚಾಗಿಯೇ ಕೊಡಬೇಕು. ಶ್ರೀಗಳವರ ಕಾವಿಯ ಮಾತು ಬೇರೆ. ಡಿಜಿಟಲ್ ಕ್ಯಾಮೆರಾದಲ್ಲಿ ಬಿಸಿಲಿಗೆ ಕಾವಿಯ ಕೆಂಪು ಬೇಗ ತುಂಬಿ ತುಳುಕಿ, ವಸ್ತ್ರದ ನೆರಿಗೆಗಳೆಲ್ಲ ಅಳಿಸಿ, ಒಂದೇ ಬಣ್ಣದ ಹಾಳೆಯಂತೆ ಕಾಣುತ್ತದೆ. ಅಲ್ಲಿ ಬೆಳಕನ್ನು ತುಸು ಕಡಿಮೆ ಮಾಡುವುದೇ ಕ್ಷೇಮ. ಇವೆರಡೂ ಒಂದೇ ಚಿತ್ರದಲ್ಲಿ ಬಂದಾಗ ಏನು ಮಾಡಬೇಕೆಂದು ಕೇಳುವಿರಾದರೆ, ಎಲ್ಲರನ್ನೂ ನೆರಳಿಗೆ ಕರೆದೊಯ್ಯಿರಿ ಎಂಬುದೇ ನನ್ನ ಉತ್ತರ. ಮುಂಜಾನೆ ಕಟ್ಟಡದ ನೆರಳು ಅಂಗಳಕ್ಕೆ ಬಿದ್ದಿರುವಾಗ ತೆಗೆದ ಚಿತ್ರದಲ್ಲಿ ಯಾರೂ ಕಣ್ಣು ಕಿರಿದು ಮಾಡುವುದಿಲ್ಲ.

ನಮ್ಮ ಕತ್ತಲೆಕೋಣೆ ಶಾಲೆಯ ಸಾಮಾನಿನ ಕೋಣೆಯಾಗಿತ್ತು. ಕಿಟಕಿಗೆ ಕರಿಯ ಕಂಬಳಿ, ಬಾಗಿಲ ಸಂದಿಗೆ ಗೋಣಿತಾಟು. ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ: ಇಷ್ಟನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಡಿ-76 ಎಂಬ ಡೆವಲಪರ್ ಸಿದ್ಧ. ವಿಜ್ಞಾನದ ಮಾಸ್ತರರು ಪ್ರಯೋಗಶಾಲೆಯ ತಕ್ಕಡಿಯನ್ನು ಕೊಡುವಾಗಲೆಲ್ಲ ತಾವೇ ನಿಂತು ತೂಗುತ್ತಿದ್ದರು. ಪುಸ್ತಕದಲ್ಲಿ ದ್ರಾವಣ 20 ಡಿಗ್ರಿಯಲ್ಲಿ ಇರಬೇಕೆಂದು ಬರೆದಿತ್ತು. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ಕೋಣೆಯೇ 38 ಡಿಗ್ರಿ. ಬಿಸಿ ದ್ರಾವಣದಲ್ಲಿ ಫಿಲ್ಮಿನ ಲೇಪ ಮೆತ್ತಗಾಗಿ ಬೆರಳು ತಾಗಿದರೆ ಕಿತ್ತು ಬರುತ್ತದೆ. ರಾತ್ರಿಯಿಡೀ ಮಣ್ಣಿನ ಹರವಿಯಲ್ಲಿ ತಣಿದ ನೀರನ್ನು ದೊಡ್ಡ ಬೋಗುಣಿಗೆ ಸುರಿದು, ಅದರೊಳಗೆ ತಟ್ಟೆಗಳನ್ನಿಟ್ಟು, ಬೆಳಗಿನ ನಾಲ್ಕಕ್ಕೆ ಕೆಲಸ ಆರಂಭಿಸುತ್ತಿದ್ದೆ. ಆ ಹೊತ್ತಿಗೆ ಎಚ್ಚರವಿರುತ್ತಿದ್ದವರು ಮಠದಲ್ಲಿ ಇನ್ನೊಬ್ಬರೇ: ದಾಸೋಹದ ಅಡುಗೆಯವರು. ಮಕ್ಕಳೆಲ್ಲ ಅವರನ್ನು 'ಅಡಿಗಿ ಕಾಕಾ' ಎಂದು ಕರೆಯುತ್ತಿದ್ದರು. ಹರವಿಗೆ ನೀರು ತುಂಬಿಸಿ ಇಡುತ್ತಿದ್ದವರೂ ಅವರೇ.

1979ರಲ್ಲಿ ಶಾಲೆಯ ಸಂಚಿಕೆಗೆಂದು ಎಲ್ಲರ ಸಾಮೂಹಿಕ ಚಿತ್ರ ತೆಗೆದೆ. ಮೂರು ಸಾಲು ಮಕ್ಕಳು, ನಡುವೆ ಶಿಕ್ಷಕ ವೃಂದ. ಮೇಲೆ ಹೇಳಿದ ಬುದ್ಧಿ ಅಂದು ನನಗಿರಲಿಲ್ಲವಾಗಿ, ಎಲ್ಲರನ್ನೂ ಬಿಸಿಲಿನಲ್ಲಿಯೇ ನಿಲ್ಲಿಸಿದ್ದೆ. ನಾನು ಮೂರು ಎಣಿಸುವಷ್ಟರಲ್ಲಿ ಕಾಕಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, ಎಡತುದಿಯಲ್ಲಿ ಪಡಸಾಲೆಯ ಕಂಬದ ನೆರಳಿನಲ್ಲಿ ನಿಂತರು. ಯಾರೂ ಅವರನ್ನು ಕರೆದಿರಲಿಲ್ಲ. ಗಾಜಿನಲ್ಲಿ ಅವರು ನನಗೆ ಬಲಗಡೆ ಕಂಡರು; ಕಂಡೂ ಗುಂಡಿಯೊತ್ತಿದೆ.

ಆ ಕಾಲದಲ್ಲಿ ಚಿತ್ರ ಅಚ್ಚಾಗಬೇಕಾದರೆ ಸತುವಿನ ಬ್ಲಾಕು ಮಾಡಿಸಬೇಕಿತ್ತು, ಬ್ಲಾಕಿಗೆ ಅಳತೆಯ ಲೆಕ್ಕದಲ್ಲಿ ಹಣ. ಹೀಗಾಗಿ ಪ್ರಿಂಟು ಹಾಕುವಾಗ ಚಿತ್ರದ ನಾಲ್ಕೂ ಅಂಚುಗಳನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಎನ್‌ಲಾರ್ಜರಿನ ಕೆಳಗೆ ಪಟ್ಟಿ ಸರಿಸುತ್ತ ಸರಿಸುತ್ತ ನಾನು ಎಡತುದಿಯ ಕಂಬವನ್ನೂ ಕಾಕಾ ಅವರನ್ನೂ ಹೊರಗಿಟ್ಟೆ. ಹಣ ಉಳಿಸಲು ಹಾಗೆ ಮಾಡಿದೆನೆಂದು ಬಹುಕಾಲ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅರ್ಧ ಅಂಗುಲದಿಂದ ಉಳಿಯುವ ಹಣವೆಷ್ಟು! ಸಾಲುಗಳ ಅಂದಕ್ಕೆ ಆ ಸೌಟು, ಆ ಮಸಿಯ ಅಂಗವಸ್ತ್ರ ಕುಂದೆಂದು ನನಗೆ ತೋರಿತ್ತು. ಅವರು ಬೇಯಿಸಿದ ಅನ್ನವನ್ನು ದಿನವೂ ಉಣ್ಣುತ್ತಿದ್ದವನು ನಾನು.

ಸಂಚಿಕೆ ಬಂದ ದಿನ ಅವರು ಕೈ ಒರೆಸಿಕೊಂಡು ಬಂದು ಕೇಳಿದರು: "ಮಾಸ್ತರ, ನಾ ಬಂದೇನೇನ್ರಿ ಫೋಟೋದಾಗ?"

"ಇಲ್ರಿ ಕಾಕಾ, ನೀವು ಭಾಳ ಅಂಚಿಗೆ ನಿಂತಿದ್ರಿ. ಬಂದಿಲ್ಲ" ಎಂದೆ.

"ಹೋಗ್ಲಿ ಬಿಡ್ರಿ, ಹುಡುಗೂರೆಲ್ಲ ಬಂದಾರಲ್ಲ" ಎಂದು ಅವರು ಒಳಗೆ ಹೋದರು.

ಚಿತ್ರವನ್ನು ತಿದ್ದುವುದು ಗಣಕಯಂತ್ರದಿಂದ ಹುಟ್ಟಿದ ದುರ್ವಿದ್ಯೆಯೆಂದು ಹಲವರು ಭಾವಿಸುತ್ತಾರೆ. ಹಾಗೇನೂ ಇಲ್ಲ. ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ಗೀಚಿ ಸುಕ್ಕುಗಳನ್ನು ತೆಳುವಾಗಿಸುವುದು ಎಲ್ಲ ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಮಾಸ್ಕೋ ಕಾಲುವೆಯ ದಡದಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಂತಿದ್ದ ಯೆಜೋವ್ ಎಂಬ ಅಧಿಕಾರಿ, 1940ರಲ್ಲಿ ಮರಣದಂಡನೆಗೆ ಗುರಿಯಾದ ಮೇಲೆ ಅದೇ ಚಿತ್ರದಿಂದ ಮಾಯವಾಗಿ, ಅವನಿದ್ದಲ್ಲಿ ಬರಿಯ ನೀರು ಕಾಣುವ ಕಥೆಯನ್ನು ಮುಂದೊಂದು ದಿನ ಓದಿದಾಗ ನನಗೆ ನಗು ಬರಲಿಲ್ಲ. ಇನ್ನು ಸಾತ್ವಿಕವಾದ ತಿದ್ದುವಿಕೆಯೂ ಉಂಟು. ಪ್ರಿಂಟಿಗೆ ಬೆಳಕು ಬೀಳುವಾಗ ಕಪ್ಪಾಗುವ ಮುಖಕ್ಕೆ ತುಸು ಹೊತ್ತು ನೆರಳು ಹಿಡಿಯುವುದು, ತೀರ ಬಿಳುಪಾದ ಆಕಾಶಕ್ಕೆ ಹೆಚ್ಚು ಬೆಳಕು ಕೊಡುವುದು, ಇವೆಲ್ಲ ಕೈಯಿಂದಲೇ ಆಗುತ್ತಿದ್ದವು. 1990ರಲ್ಲಿ ಬಂದ ಫೋಟೋಶಾಪ್ ಇವೇ ಎರಡು ಕೆಲಸಗಳಿಗೆ ಹಳೆಯ ಕತ್ತಲೆಕೋಣೆಯ ಹೆಸರುಗಳನ್ನೇ ಇಟ್ಟಿತು. ಒಂದರ ಗುರುತು ಇಂದಿಗೂ ಮಡಿಚಿದ ಕೈ. ಅಮೆರಿಕೆಯ ಆನ್ಸೆಲ್ ಆಡಮ್ಸ್ (1902–1984) ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಅದರ ಕಛೇರಿಗೂ ಹೋಲಿಸಿದ್ದರು. ಸ್ವರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಲಿಪಿಯಲ್ಲಿ ಇಲ್ಲದ್ದನ್ನು ಹಾಡುವಂತಿಲ್ಲ.

ಗಣಕದಲ್ಲಿ ತಿದ್ದಲು ಕೂರುವವರು ಮೊದಲು ಮೂಲಚಿತ್ರದ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ತೆಗೆದಿಡಲಿ, ತಿದ್ದುವಿಕೆಯೆಲ್ಲ ಇನ್ನೊಂದು ಪ್ರತಿಯ ಮೇಲೆ ನಡೆಯಲಿ. ಬಣ್ಣದ ಸಮತೋಲ ಮತ್ತು ಒಟ್ಟು ಬೆಳಕು ಮೊದಲು, ಬಿಡಿ ಭಾಗಗಳು ಆಮೇಲೆ, ಚಿತ್ರವನ್ನು ಮೊನಚುಗೊಳಿಸುವುದು ಅಳತೆ ನಿಶ್ಚಯವಾದ ನಂತರ, ಕಟ್ಟಕಡೆಗೆ. ಮುಖವನ್ನು ನುಣುಪು ಮಾಡುವ ಸಾಧನಗಳನ್ನು ಮುಟ್ಟದಿರುವುದೇ ಲೇಸು. ಕಳೆದ ವರ್ಷ ಹಿರಿಯ ನಿವೃತ್ತ ಶಿಕ್ಷಕರೊಬ್ಬರ ಚಿತ್ರವೊಂದು ಬಂದಿತ್ತು. ಸುಕ್ಕಿನೊಡನೆ ಅವರ ಹಣೆಯ ವಿಭೂತಿಯ ಗೆರೆಗಳೂ ಮಸುಕಾಗಿ ಹೋಗಿದ್ದವು. ಇನ್ನೊಂದು ಬಿನ್ನಹ, ಇದು ಸಂಪಾದಕರ ಪರವಾಗಿ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗಿ ಬರುತ್ತದೆ. ಅಚ್ಚಿನಲ್ಲಿ ಆರು ಅಂಗುಲ ಅಗಲ ಚೆನ್ನಾಗಿ ಮೂಡಬೇಕಾದರೆ ಸುಮಾರು 1,800 ಚುಕ್ಕೆಗಳಾದರೂ ಬೇಕು. ದಯಮಾಡಿ 'ಡಾಕ್ಯುಮೆಂಟ್' ಎಂದು ಒತ್ತಿ ಕಳುಹಿಸಿರಿ.

ಅಡಿಗಿ ಕಾಕಾ ಅವರು ಆ ಸಂಚಿಕೆ ಬಂದ ಕೆಲವೇ ವರ್ಷಗಳಲ್ಲಿ ಲಿಂಗೈಕ್ಯರಾದರು. ಮತದಾರರ ಚೀಟಿಗೆ ಭಾವಚಿತ್ರ ಬಂದದ್ದು 1993ರಿಂದ ಈಚೆಗೆ. ಅದಕ್ಕೆ ಮುನ್ನವೇ ಹೋದ ಬಡವರನೇಕರ ಮುಖ ಎಲ್ಲಿಯೂ ಉಳಿದಿಲ್ಲ. 2022ರಲ್ಲಿ ಅವರ ಮಗ, ಈಗ ತಾವೇ ಮೊಮ್ಮಕ್ಕಳನ್ನು ಕಂಡವರು, ನನ್ನ ಮನೆಗೆ ಬಂದು, "ಮಾಸ್ತರ, ನಿಮ್ಮ ಹಂತ್ಯಾಕ ಹಳೇ ಫೋಟೋ ಭಾಳ ಅದಾವಂತ. ನಮ್ಮಪ್ಪಂದು ಒಂದರ ಸಿಕ್ಕೀತೇನ್ರಿ?" ಎಂದರು. ಹುಡುಕುತ್ತೇನೆಂದು ಹೇಳಿ ಕಳುಹಿಸಿದೆ. ಎಲ್ಲಿದೆಯೆಂದು ಹುಡುಕದೆಯೂ ನನಗೆ ಗೊತ್ತಿತ್ತು.

ಬಿಸ್ಕೀಟಿನ ಡಬ್ಬಿಯಲ್ಲಿ, ಬೆಣ್ಣೆಕಾಗದದ ಲಕೋಟೆಯಲ್ಲಿ ಆ ನೆಗೆಟಿವ್ ಇತ್ತು. ಅಂಚಿಗೆ ಬೂಸರು ಹಿಡಿದಿತ್ತು. ಅದನ್ನು ಅಂಗುಲಕ್ಕೆ 2,400 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ಹಿಗ್ಗಿಸಿದಾಗ ನನ್ನ ಎರಡನೆಯ ತಪ್ಪು ಕಂಡಿತು. ಬಿಸಿಲಿನಲ್ಲಿದ್ದ ಬಿಳಿಯ ಅಂಗಿಗಳಿಗೆ ಸರಿಯಾಗಿ ಬೆಳಕಿನ ಲೆಕ್ಕ ಹಾಕಿದ್ದೆನಾದ್ದರಿಂದ, ಕಂಬದ ನೆರಳಿನಲ್ಲಿದ್ದ ಕಾಕಾ ಅವರಿಗೆ ಫಿಲ್ಮಿನಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಸಾಸಿವೆ ಕಾಳಿನಷ್ಟು ಮುಖ. ಅದನ್ನು ಬೆಳಗಿಸಿದಷ್ಟೂ ರವೆ ಚೆಲ್ಲಿದಂತೆ ಕಣಗಳು ಮೇಲೇಳುತ್ತವೆ. ಬೂಸರಿನ ಕಲೆಗಳನ್ನು ಒಂದೊಂದಾಗಿ ತೆಗೆಯಲು ನಾಲ್ಕು ದಿನ ಹಿಡಿಯಿತು. ಮೈಕಟ್ಟು, ಹೆಗಲ ಮೇಲಿನ ವಸ್ತ್ರ, ಕೈಯ ಸೌಟು ಸ್ಪಷ್ಟವಾದವು. ಕಣ್ಣುಗಳು ಮಾತ್ರ ಎರಡು ನೆರಳುಗಳಾಗಿಯೇ ಉಳಿದವು.

ಸ್ಕ್ಯಾನ್ ಮಾಡಿದ ಹುಡುಗ, ನನ್ನ ಕೈಯಲ್ಲೇ ಕಲಿತವನು, "ಸರ್, ಒಂದು ನಿಮಿಷದ ಕೆಲಸ" ಎಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಆ ಮುಖವನ್ನು ತಿಳಿಗೊಳಿಸಿ ತೋರಿಸಿದ. ಅಚ್ಚರಿಯ ಕೆಲಸವೇ ಸರಿ. ಹೊಳೆಯುವ ಕಣ್ಣು, ತೀಡಿದ ಹುಬ್ಬು, ಮೀಸೆಯ ಒಂದೊಂದು ಕೂದಲು. ಆ ಯಂತ್ರ ಲಕ್ಷಾಂತರ ಮುಖಗಳನ್ನು ಕಂಡಿದೆ. ಹೀಗಿರಬಹುದೆಂದು ಊಹಿಸಿ ಬರೆಯಬಲ್ಲದು. ಕಾಕಾ ಅವರನ್ನು ಅದು ಕಂಡಿಲ್ಲ. ಒಂದು ಕ್ಷಣ ನನಗೂ ಆಸೆಯಾಯಿತೆಂಬುದನ್ನು ಮುಚ್ಚಿಡಲಾರೆ. ಅದನ್ನು ಕೊಟ್ಟುಬಿಟ್ಟರೆ ನನ್ನ ಋಣ ಚೆಂದವಾಗಿ ತೀರುತ್ತಿತ್ತು.

ಮಗ ಬಂದಾಗ ಎರಡನ್ನೂ ಮೇಜಿನ ಮೇಲಿಟ್ಟೆ. ಮೊದಲು 1979ರ ಸಂಗತಿಯನ್ನು, ನಾನು ಹೇಳಿದ ಸುಳ್ಳನ್ನು, ಹೇಳಿದೆ. ಅವರು ತಲೆಯೆತ್ತಲಿಲ್ಲ. ತಿಳಿಗೊಳಿಸಿದ ಮುಖವನ್ನು ನೋಡಿ, "ಇವರು ಯಾರ್ರಿ?" ಎಂದರು. ಮಸುಕಾದದ್ದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಕೊಡಾ ಹೊತ್ತು ಹೊತ್ತು ಎಡಗಡಿ ಹೆಗಲ ಇಳದಿತ್ರಿ. ಹಿಂಗ ನಿಲ್ತಿದ್ದ" ಎಂದು ಬೆರಳಿನಿಂದ ತೋರಿಸಿದರು. ನಾನು ನಾಲ್ಕು ದಿನ ನೋಡಿದ್ದರೂ ಆ ಹೆಗಲನ್ನು ಗಮನಿಸಿರಲಿಲ್ಲ.

ಆ ಚಿತ್ರವನ್ನು ಈ ಸಂಚಿಕೆಯಲ್ಲಿ ಅಂಚು ಕತ್ತರಿಸದೆ ಪೂರ್ತಿಯಾಗಿ ಅಚ್ಚು ಹಾಕಲು ಸಂಪಾದಕ ಮಂಡಳಿಯವರು ಒಪ್ಪಿದ್ದಾರೆ. ಕೆಳಗೆ ಹೆಸರುಗಳ ಸಾಲಿನಲ್ಲಿ ಎಡದಿಂದ ಮೊದಲನೆಯದು ಅವರದೇ ಆಗಿರಬೇಕೆಂದೂ, ಪುಟ ಜೋಡಿಸುವವರು ಎಡ ಅಂಚಿನಲ್ಲಿ ಅರ್ಧ ಅಂಗುಲ ಹೆಚ್ಚು ಜಾಗ ಬಿಡಬೇಕೆಂದೂ ಚೀಟಿ ಬರೆದು ಚಿತ್ರದ ಬೆನ್ನಿಗೆ ಅಂಟಿಸಿ ಕಳುಹಿಸಿದ್ದೇನೆ.